ಗಿರಿಜಾಳ ಗೋಡೆಯ ಮೀನುಗಳು

ನ್ಗಾರಾ, ನೈರೋಬಿ
೧೭ ನವೆಂಬರ್ ೨೦೨೪, ಭಾನುವಾರ

ಪೂಜ್ಯ ಅತ್ತೆಯವರಿಗೆ ವಿಶ್ವನಾಥನ ನಮಸ್ಕಾರಗಳು.

ನಿಮ್ಮ ಮಂಡಿನೋವು ಈಗ ಹೇಗಿದೆ? ಎಡಗಣ್ಣಿಗೆ ಹಾಕಿಕೊಳ್ಳುತ್ತಿದ್ದ ಡ್ರಾಪ್ಸ್ ನಿಲ್ಲಿಸಿದರೇ ಅಥವಾ ಡಾಕ್ಟರು ಇನ್ನೊಂದು ಬಾಟಲಿ ಬರೆದುಕೊಟ್ಟರೇ? ರಾಮಚಂದ್ರನನ್ನು ಕೇಳಿದರೆ "ಅಮ್ಮ ಫಸ್ಟ್ ಕ್ಲಾಸಾಗಿದ್ದಾರೆ ಭಾವ" ಎನ್ನುತ್ತಾನೆ. ನಿಮ್ಮ ಮಗನಿಗೆ ಜಗತ್ತಿನಲ್ಲಿ ಎಲ್ಲರೂ ಫಸ್ಟ್ ಕ್ಲಾಸಾಗಿಯೇ ಇರುತ್ತಾರೆ, ಆದ್ದರಿಂದ ಆ ವಿಷಯ ನೀವೇ ಬರೆದು ತಿಳಿಸಬೇಕು. ಕುವೆಂಪುನಗರದ ಪಾರ್ಕಿನಲ್ಲಿ ಸಂಜೆ ನಡೆಯುವುದನ್ನು ಬಿಟ್ಟಿಲ್ಲ ತಾನೇ? ಇಲ್ಲಿ ಈಗ ಸಣ್ಣ ಮಳೆಗಾಲ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಒಂದು ಜಡಿಮಳೆ, ಆಮೇಲೆ ರಸ್ತೆಯ ತುಂಬ ನೀರು. ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನುಗಳು ನಿಂತಲ್ಲೇ ನಿಂತು ಹಾಡು ಹಾಕಿಕೊಂಡು ಹಾರ್ನ್ ಹೊಡೆಯುತ್ತವೆ. ದೀಪಾವಳಿಗೆ ನಮ್ಮ ಬೀದಿಯ ಗುಜರಾತಿಗಳು ಹಚ್ಚಿದ ದೀಪಗಳನ್ನು ನೋಡಿಕೊಂಡು ನಾವೂ ನಾಲ್ಕು ಹಚ್ಚಿದೆವು. ಎಣ್ಣೆಸ್ನಾನಕ್ಕೆ ಗಿರಿಜಾಳ ತಲೆಗೆ ಎಣ್ಣೆ ಒತ್ತಿದ್ದು ನಾನೇ. ನಿಮ್ಮಷ್ಟು ಚೆನ್ನಾಗಿ ಒತ್ತಲಿಲ್ಲವೆಂದು ಅವಳ ಮುಖವೇ ಹೇಳಿತು.

ನಿಮ್ಮ ಪತ್ರ ಈ ತಿಂಗಳ ಮೊದಲ ವಾರದಲ್ಲೇ ಕೈಸೇರಿತ್ತು. ಉತ್ತರ ತಡವಾಯಿತು. "ಗಿರಿಜಾಳನ್ನು ಕರೆದುಕೊಂಡು ಬಂದುಬಿಡಿ. ಮಾತು ನಿಂತ ಮಗಳು ಪರದೇಶದಲ್ಲಿ ಯಾರ ಮುಖ ನೋಡಿಕೊಂಡು ಇರಬೇಕು? ಇಲ್ಲಾದರೆ ಅವಳು ಮಾತಾಡದಿದ್ದರೂ ನಡೆಯುತ್ತದೆ, ನಾವೆಲ್ಲ ಇದ್ದೇವೆ" ಎಂದು ಬರೆದಿದ್ದಿರಿ. ಅದನ್ನು ಅವಳಿಗೆ ಓದಿ ಹೇಳಿದೆ. ಅವಳು ಕೈಚಾಚಿ ಕಾಗದ ಇಸಕೊಂಡು, ನಿಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿ, ಮಡಿಸಿ ನನಗೇ ವಾಪಸು ಕೊಟ್ಟಳು. ಏನು ಉತ್ತರ ಬರೆಯಬೇಕೆಂದು ನನಗೆ ತಿಳಿಯಲಿಲ್ಲ, ಏಕೆಂದರೆ ನನ್ನ ಅರ್ಧ ಮನಸ್ಸು ನಿಮ್ಮ ಮಾತನ್ನೇ ಹೇಳುತ್ತಿತ್ತು. ಈಗ ತಿಳಿದಿದೆ. ನಿನ್ನೆ ಶನಿವಾರ ಇಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ನನಗೆ ಇಷ್ಟವಾಗಲಿಲ್ಲ. ನೀವು ಕನ್ನಡಕ ಹಾಕಿಕೊಂಡು, ಎರಡೆರಡು ಸಲ ಓದುವ ಹಾಗೆ ಇರಲಿ ಎಂದು ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಗಿರಿಜಾಳಿಗೆ ಸ್ಟ್ರೋಕ್ ಆದದ್ದು, ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದದ್ದು ನಿಮಗೆ ಗೊತ್ತು. ಬಲಗೈ ಸೋತದ್ದೂ ಮಾತು ಹೋದದ್ದೂ ಗೊತ್ತು. ಆದರೆ ಮಾತು ಹೋಗುವುದು ಎಂದರೆ ಏನೆಂದು ನಾನೇ ನೋಡಿ ತಿಳಿಯಬೇಕಾಯಿತು. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ನರ್ಸುಗಳು ಮಾಡುವ ತಪ್ಪುಗಳೂ ಅರ್ಥವಾಗುತ್ತಿದ್ದವು. ಹೇಳಬೇಕಾದ ಪದ ಎದುರಿಗೇ ನಿಂತಿರುತ್ತಿತ್ತಂತೆ, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಇಲ್ಲಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳು, ನಮ್ಮ ಮದುವೆಯಲ್ಲೇ ಪುರೋಹಿತರ ಶ್ಲೋಕ ತಿದ್ದಿದವಳು, ನೀರು ಬೇಕಾದರೆ ಲೋಟ ತೋರಿಸುವಂತಾಯಿತು. ನೀವು ಪ್ರತಿ ವಾರ ಫೋನ್ ಮಾಡಿದಾಗಲೂ ನಾನು ಅವಳ ಮುಂದೆ ಹಿಡಿಯುತ್ತಿದ್ದೆ, ಅವಳು ತಲೆಯಾಡಿಸಿ ಎದ್ದು ಒಳಗೆ ಹೋಗುತ್ತಿದ್ದಳು. ಆಗೆಲ್ಲ "ಅವಳು ಬರೋದಿಲ್ಲ ಅತ್ತೆ" ಎಂದಷ್ಟೇ ನಿಮಗೆ ಹೇಳುತ್ತಿದ್ದೆ. ನಿಮ್ಮ ಕಿವಿಗೆ ತನ್ನ ಮುರಿದ ದನಿ ಬೀಳಬಾರದೆಂಬುದು ಅವಳ ಹಟ. ಹಟ ಯಾರಿಂದ ಬಂದದ್ದು ಎಂದು ನಾನು ಹೇಳಬೇಕಾಗಿಲ್ಲ.

ಮಾತು ಕಲಿಸಲೆಂದು ಆಸ್ಪತ್ರೆಯವರು ಅಚಿಯೆಂಗ್ ಎಂಬ ಥೆರಪಿಸ್ಟನ್ನು ಗೊತ್ತುಮಾಡಿದರು. ಕಿಸುಮು ಕಡೆಯವರು, ನಮ್ಮ ವಿಭಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವರು ಮೇಜಿನ ಮೇಲೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಇಡುತ್ತಿದ್ದರು: ಬಾಳೆಹಣ್ಣು, ಕಪ್, ಕುರ್ಚಿ, ಶೂ. ಗಿರಿಜಾ ಮೊದಲೆರಡು ವಾರ ಪ್ರಯತ್ನ ಮಾಡಿದಳು. ಮೂರನೆಯ ವಾರ ಎಡಗೈಯಿಂದ ಆ ಕಾರ್ಡುಗಳನ್ನೆಲ್ಲ ಮಗುಚಿ ಹಾಕಿ, ಮೇಜಿನಿಂದ ಎದ್ದುಬಿಟ್ಟಳು. ಮರುದಿನ ಕಾರು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ವಿಭಾ ಬ್ಯಾಂಕಿನಿಂದ ನೇರ ಬಂದು ಅಮ್ಮನ ಮುಂದೆ ಕೂತು ಬೇಡಿಕೊಂಡಳು, ತನಗೆ ಸಲೀಸಾದ ಇಂಗ್ಲಿಷಿನಲ್ಲಿ. ಗಿರಿಜಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಾಳೆಹಣ್ಣಿಗೆ ಹೆಸರು ಹೇಳಿಸಿಕೊಳ್ಳುವ ಅವಮಾನಕ್ಕಿಂತ ಸುಮ್ಮನಿರುವುದೇ ಮೇಲು ಎಂದು ತೀರ್ಮಾನಿಸಿದ್ದಳೆಂದು ಕಾಣುತ್ತದೆ.

ಇಲ್ಲಿ ಅವಳ ಮೀನುಗಳ ವಿಷಯಕ್ಕೆ ಬರಬೇಕು. ನೀವು ಬಂದಿದ್ದಾಗ ನಮ್ಮ ಗೋಡೆಯ ಮೇಲೆ ಹದಿನೈದೋ ಇಪ್ಪತ್ತೋ ಇದ್ದವು. ಒಳಗೆ ಕಾಲಿಟ್ಟವರೇ ನೀವು, "ಈರುಳ್ಳೀನೂ ಯೋಚನೆ ಮಾಡಿ ಹಚ್ಚೋ ಮನೇಲಿ ಇಷ್ಟೊಂದು ಮೀನೇನೇ!" ಎಂದದ್ದು ಈಗಲೂ ನಮ್ಮ ಮನೆಯಲ್ಲಿ ಗಾದೆ. ಈಗ ಇನ್ನೂರರ ಮೇಲಿವೆ. ನಡುಮನೆ, ಊಟದ ಕೋಣೆ, ಮೆಟ್ಟಿಲ ಪಕ್ಕದ ಗೋಡೆ, ಕೊನೆಗೆ ನನ್ನ ಷೇವಿಂಗ್ ಕನ್ನಡಿಯ ಎರಡೂ ಕಡೆ. ಎಲ್ಲವೂ ಎಂದೋ ಕ್ಯಾಮೆರಾ ಎಲ್ಲರ ಕೈಗೆ ಬರುವ ಮೊದಲು, ಹಡಗುಗಳಲ್ಲಿ ಹೋದವರೂ ದೂರದ ಊರಿನ ಮ್ಯೂಸಿಯಮ್ಮಿನಲ್ಲಿ ಕೂತವರೂ ಬರೆದ ಮೀನುಗಳು. ನೂರೈವತ್ತರಿಂದ ಮುನ್ನೂರು ವರ್ಷದ ಹಿಂದಿನವು. ಅಸಲಿ ಚಿತ್ರಗಳಲ್ಲ, ಅವುಗಳ ಪ್ರತಿಗಳು. ದೊಡ್ಡ ದೊಡ್ಡ ಲೈಬ್ರರಿಗಳು ಕಂಪ್ಯೂಟರಿಗೆ ಏರಿಸಿಟ್ಟದ್ದನ್ನು ಹುಡುಕಿ ತೆಗೆದು, ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸುವುದು ಅವಳ ಕ್ರಮ. ಒಮ್ಮೆ ಊಟಕ್ಕೆ ಬಂದಿದ್ದ ಒಬ್ಬ ಗೆಳೆಯರು "ಎಲ್ಲಾ ನಕಲಾ ಮೇಡಂ?" ಎಂದು ಸ್ವಲ್ಪ ಇಳಿದ ದನಿಯಲ್ಲಿ ಕೇಳಿದ್ದರು. ಗಿರಿಜಾ ಅನ್ನ ಬಡಿಸುತ್ತಲೇ, "ಅಸಲೀದು ಒಂದೇ ಬೀರುವಿನಲ್ಲಿ ಬೀಗ ಹಾಕ್ಕೊಂಡು ಮಲಗಿರುತ್ತೆ. ನಕಲು ಹತ್ತು ಮನೇಲಿ ಈಜುತ್ತೆ. ನಿಮಗೆ ಸಾರು ಹಾಕ್ಲಾ?" ಎಂದಳು. ಅವರು ಹೋಗುವಾಗ ಒಂದು ಪ್ರತಿ ಕೇಳಿ ಪಡೆದುಕೊಂಡು ಹೋದರು.

ಅವಳಿಗೆ ಚಂದದ ಮೀನಿಗಿಂತ ತಪ್ಪಾಗಿ ಬರೆದ ಮೀನೆಂದರೆ ಹೆಚ್ಚು ಪ್ರೀತಿ. ಆ ಕಾಲದ ಚಿತ್ರಕಾರರಲ್ಲಿ ಎಷ್ಟೋ ಜನ ಜೀವಂತ ಮೀನನ್ನು ನೋಡಿಯೇ ಇರಲಿಲ್ಲ. ಒಣಗಿದ ಚರ್ಮ, ಸಾರಾಯಿಯ ಸೀಸೆಯಲ್ಲಿ ಬಣ್ಣ ಕಳೆದುಕೊಂಡ ಹೆಣ, ನಾವಿಕರ ಬಾಯಿಮಾತು, ಇಷ್ಟನ್ನು ಇಟ್ಟುಕೊಂಡು ಬರೆದರು. ಅದಕ್ಕೇ ಕೆಲವು ಮೀನಿಗೆ ಮನುಷ್ಯನ ಹುಬ್ಬು, ಕೆಲವಕ್ಕೆ ಗಿಳಿಯ ರೆಕ್ಕೆ. "ನೋಡಿ, ಪಾಪ, ಗೊತ್ತಿಲ್ಲ. ಆದ್ರೂ ಒಂದು ಹುರುಪೆ ಬಿಡದೆ ಎಷ್ಟು ಶ್ರದ್ಧೆಯಿಂದ ಬರ್ದಿದಾನೆ" ಎಂದು ಭೂತಗನ್ನಡಿ ಹಿಡಿದು ನನಗೆ ತೋರಿಸುತ್ತಿದ್ದಳು. ನಾನು ಜೀವನವಿಡೀ ಔಷಧ ಫ್ಯಾಕ್ಟರಿಯಲ್ಲಿ ತಪ್ಪು ಮಾತ್ರೆಗಳನ್ನು ಹುಡುಕಿ ಎಸೆದವನು. ತಪ್ಪನ್ನು ಫ್ರೇಮು ಹಾಕಿಸುವವಳ ಜೊತೆ ಸಂಸಾರ ಮಾಡಿದ್ದೇನೆ.

ಗಿರಿಜಾ ಥೆರಪಿಗೆ ಹೋಗುವುದು ನಿಲ್ಲಿಸಿದ ಮೇಲೆ ಒಂದು ಮಧ್ಯಾಹ್ನ ಅಚಿಯೆಂಗ್ ತಾವೇ ನಮ್ಮ ಮನೆಗೆ ಬಂದರು. ಕಾರ್ಡು ತಂದಿರಲಿಲ್ಲ, ಚೀಲವನ್ನೂ ಬಿಚ್ಚಲಿಲ್ಲ. ಗಿರಿಜಾ ಸೋಫಾದಲ್ಲಿ ಬಿಗಿದ ಮುಖ ಮಾಡಿಕೊಂಡು ಕೂತಿದ್ದಳು. ಅಚಿಯೆಂಗ್ ಅವಳ ಕಡೆ ನೋಡದೆ ಗೋಡೆಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಊಟದ ಮೇಜಿನ ಪಕ್ಕದ ಗೋಡೆಯಲ್ಲಿರುವ ಉದ್ದನೆಯ ಕಂದು ಮೀನಿನ ಮುಂದೆ ನಿಂತರು. ನೀವು ಅದನ್ನು ನೋಡಿಲ್ಲ, ನೀವು ಹೋದ ಮೇಲೆ ಬಂದದ್ದು. ಇಲ್ಲಿನ ದೊಡ್ಡ ಸರೋವರದ ಮೀನು. ಕಿವಿರಿನ ಜೊತೆಗೆ ಶ್ವಾಸಕೋಶವೂ ಇದೆ, ನೀರು ಬತ್ತಿದರೆ ಕೆಸರಿನೊಳಗೆ ಸುತ್ತಿಕೊಂಡು ಮಳೆ ಬರುವವರೆಗೆ ಉಸಿರಾಡಿಕೊಂಡು ಮಲಗಿರುತ್ತದೆ. ಅಚಿಯೆಂಗ್ ಅದನ್ನು ನೋಡಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಈ ಹಾವು ತುಂಬ ಚೆನ್ನಾಗಿದೆ" ಎಂದರು.

ನನ್ನ ಹಿಂದೆ ಸೋಫಾ ಕಿರುಗುಟ್ಟಿತು. ಗಿರಿಜಾ ಎದ್ದಿದ್ದಳು. ಕೋಲು ಹಿಡಿಯದೆ ಮೇಜಿನ ಅಂಚು ಹಿಡಿದುಕೊಂಡು ಬಂದು, ಚಿತ್ರದ ಮೇಲೆ ಎಡಗೈ ಬೆರಳಿಟ್ಟು, ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. "ಅ... ಅ... ಅಲ್ಲ" ಎಂದಳು.

ಎರಡು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು ಅತ್ತೆ. ನನಗೆ ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ. ಅಚಿಯೆಂಗ್ ಮಾತ್ರ ಗೋಡೆ ಅಲ್ಲಾಡಿದರೂ ಅಲ್ಲಾಡದವರಂತೆ, "ಅಲ್ಲವೇ? ಹಾಗಾದರೆ ಇನ್ನೇನು?" ಎಂದು ಮುಖ ನೋಡಿದರು. ಗಿರಿಜಾ ತನ್ನ ಎದೆಗೆ ಎಡಗೈಯಿಂದ ಹೊಡೆದುಕೊಂಡಳು, ಒಂದು ಸಲ, ಇನ್ನೊಂದು ಸಲ. ನಾನು ಗಾಬರಿಯಾಗಿ ಹಿಡಿಯಲು ಹೋದರೆ ಆಕೆ ಕಣ್ಣಲ್ಲೇ ನನ್ನನ್ನು ತಡೆದರು. ನಾನು ಚಹಾ ಮಾಡಿ ತಂದೆ, ಅದು ಆರಿಹೋಗುವ ಹೊತ್ತಿಗೆ "ಲಂಗ್" ಎಂಬ ಪದ ಬಂತು. ಶ್ವಾಸಕೋಶ! ಎದೆ ಬಡಿದುಕೊಂಡದ್ದು ಅದನ್ನು ತೋರಿಸಲು. ಅಚಿಯೆಂಗ್ ಆಗ ಜೋರಾಗಿ ನಕ್ಕು, "ಮೇಡಂ, ನಾನು ಕಿಸುಮುವಿನವಳು. ನಮ್ಮ ಅಜ್ಜನ ಬಲೆಗೆ ಬೀಳುತ್ತಿದ್ದ ಈ ಕಮೊಂಗೊ ಮೀನು ನನಗೆ ಗೊತ್ತಿರುವುದಿಲ್ಲವೇ? ಹಾವು ಅಂದರೆ ನೀವು ಸುಮ್ಮನಿರುತ್ತೀರೋ ನೋಡೋಣ ಅಂದುಕೊಂಡೆ" ಎಂದರು. ಗಿರಿಜಾಳ ಮುಖದಲ್ಲಿ ಮೊದಲು ಸಿಟ್ಟು ಬಂತು. ಆಮೇಲೆ ಬಾಯಿಯ ಎಡಗಡೆ ಮಾತ್ರ ಮೇಲಕ್ಕೆ ಹೋಯಿತು. ಅದು ನಗು.

ಅಂದಿನಿಂದ ಬಾಳೆಹಣ್ಣು, ಕುರ್ಚಿಗಳಿಗೆ ರಜ. ದಿನವೂ ಗೋಡೆಯಿಂದ ಒಂದು ಮೀನು ಇಳಿಯುತ್ತಿತ್ತು. ಅದರ ಹೆಸರು, ಊರು, ಕಣ್ಣು, ರೆಕ್ಕೆ, ಬಣ್ಣ, ಬರೆದವನು ಎಲ್ಲಿ ಎಡವಿದ್ದಾನೆ ಎಂಬ ವಿವರ, ಇವುಗಳಲ್ಲಿ ಎಷ್ಟು ಬಂದರೆ ಅಷ್ಟು. ಪದಗಳು ತಮಗೆ ಇಷ್ಟ ಬಂದ ಭಾಷೆಯಲ್ಲಿ ಬರುತ್ತಿದ್ದವು. ಬಣ್ಣ ಕನ್ನಡದಲ್ಲಿ, ಅಂಗಾಂಗ ಇಂಗ್ಲಿಷಿನಲ್ಲಿ, ಎಣಿಕೆ ಸ್ವಾಹಿಲಿಯಲ್ಲಿ. ವಿಚಿತ್ರವೆಂದರೆ ಎಲ್ಲಕ್ಕಿಂತ ಸಲೀಸಾಗಿ ಬಂದದ್ದು ಲ್ಯಾಟಿನ್ ಹೆಸರುಗಳು. "ಪ್ರೊಟಾಪ್ಟೆರಸ್ ಈಥಿಯೋಪಿಕಸ್" ಎಂದು ನೀವು ಸಹಸ್ರನಾಮ ಹೇಳುವ ಲಯದಲ್ಲಿ ಹೇಳಿಬಿಡುತ್ತಿದ್ದಳು, ಪಕ್ಕದಲ್ಲಿರುವ ಚಮಚಕ್ಕೆ ಚಮಚ ಎನ್ನಲು ಆಗುತ್ತಿರಲಿಲ್ಲ. ಎಂದೋ ಬಾಯಿಪಾಠ ಮಾಡಿದ್ದು ಮೆದುಳಿನಲ್ಲಿ ಬೇರೆ ಕೋಣೆಯಲ್ಲಿ ಇರಬಹುದು ಎಂದು ಅಚಿಯೆಂಗ್ ಹೇಳಿದರು. ನನಗೆ ಒಪ್ಪಿಸಿದ್ದ ಕೆಲಸ ತಪ್ಪು ಹೇಳುವುದು. ಈ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಉಬ್ಬಿಕೊಂಡು ಮುಳ್ಳು ಬಿಟ್ಟಿರುವ ಗುಂಡನೆಯ ಮೀನನ್ನು ತೋರಿಸಿ "ಇದು ಬೋಂಡಾ" ಎಂದೆ. ಚಪ್ಪಟೆಯಾದದ್ದಕ್ಕೆ "ರೊಟ್ಟಿ ಮೀನು" ಎಂದೆ. "ಥೂ!" ಎಂಬ ಅಪ್ಪಟ ಮೈಸೂರು ಪದ ಹಾಗೆ ಮರಳಿ ಬಂತು. ಅದು ಬಂದ ದಿನ ವಿಭಾ ಫೋನಿನಲ್ಲಿ "ಶಿ ಸೆಡ್ ಥೂ? ರಿಯಲಿ?" ಎಂದು ಕಿರುಚಿ ಅತ್ತಳು.

ಜುಲೈ ತಿಂಗಳಲ್ಲಿ ಅವಳು ಮನೆಯಿಂದ ನಡೆದೇ ಭೂಪೇಂದ್ರಭಾಯಿಯ ಅಂಗಡಿಗೆ ಹೋದಳು. ಅವಳ ಮೀನುಗಳಿಗೆಲ್ಲ ಅಚ್ಚು ಹಾಕಿಕೊಡುವವರು ಅವರೇ, ನ್ಗಾರಾದ ಹಳೆಯ ಗುಜರಾತಿ, ಮೂರು ತಲೆಮಾರಿನಿಂದ ಇಲ್ಲಿಯವರು. ಮೊದಲೇ ಕೊಟ್ಟಿದ್ದ ಒಂದು ಚಿತ್ರ ಬಹಳ ನೀಲಿಯಾಗಿ ಬಂದಿತ್ತು. ಗಿರಿಜಾ ಮೇಜಿನ ಮೇಲೆ ಅದನ್ನು ಹರಡಿಸಿ ನಿಂತಳು. "ಹ... ಹ..." ಎಂದು ತಡವರಿಸಿದಳು. ಭೂಪೇಂದ್ರಭಾಯಿ ಪಾಪ "ಹಾಂ ಜಿ, ಹಾಂ ಜಿ" ಎಂದು ತಲೆಯಾಡಿಸುತ್ತಿದ್ದರು. "ಹಸಿರು!" ಎಂದಳು ಕೊನೆಗೆ. ಅವರಿಗೆ ಕನ್ನಡ ಬಾರದು. ಆದರೂ ಮೀನನ್ನೂ ಅವಳನ್ನೂ ನೋಡಿ ಬಣ್ಣ ಬದಲಿಸಿ ಎರಡನೆಯ ಪ್ರತಿ ತೆಗೆದರು. ಈಗ ಅವಳು ಅಂಗಡಿ ಮುಂದೆ ಹಾದರೆ ನಮಸ್ತೆಗೆ ಬದಲು ಕೈಯೆತ್ತಿ "ಹಸಿರು ಮೇಡಂ!" ಎನ್ನುತ್ತಾರೆ.

ಇನ್ನು ನಿನ್ನೆಯ ಸಂಗತಿ. ಅವಳು ಪಾಠ ಮಾಡಿದ ಶಾಲೆಯವರು ಹೋದ ವರ್ಷವೇ ಅವಳ ಸಂಗ್ರಹದಿಂದ ಒಂದು ಪ್ರದರ್ಶನ ಮಾಡಬೇಕೆಂದು ಕೇಳಿದ್ದರು. "ತಪ್ಪಿ ಬರೆದ ಮೀನುಗಳು" ಎಂದು ಹೆಸರನ್ನೂ ಅವಳೇ ಇಟ್ಟಿದ್ದಳು. ಸ್ಟ್ರೋಕ್ ಆದ ಮೇಲೆ ಆ ಮಾತು ಅಲ್ಲಿಗೇ ನಿಂತಿತ್ತು. ಸೆಪ್ಟೆಂಬರಿನಲ್ಲಿ ಶಾಲೆಯ ಮುಖ್ಯಸ್ಥರು ಮನೆಗೆ ಬಂದರು. ಒಳ್ಳೆಯ ಮನುಷ್ಯರು, ಹಣ್ಣಿನ ಬುಟ್ಟಿ ತಂದಿದ್ದರು. ಪ್ರದರ್ಶನವನ್ನು ಅವಳ ಗೌರವಾರ್ಥ ಮಾಡುತ್ತೇವೆ, ವಿವರಣೆಯನ್ನು ಬೇರೆ ಅಧ್ಯಾಪಕರೊಬ್ಬರು ಓದುತ್ತಾರೆ, ಮೇಡಂ ಮುಂದಿನ ಸಾಲಿನಲ್ಲಿ ಸುಮ್ಮನೆ ಕೂತರೆ ಸಾಕು ಎಂದರು. ನನಗೂ ಅದೇ ಸರಿ ಎನಿಸಿತು, ಧನ್ಯವಾದ ಹೇಳಲು ಬಾಯಿ ತೆರೆದಿದ್ದೆ. ಗಿರಿಜಾ ಎದೆಯ ಮೇಲೆ ಕೈಯಿಟ್ಟುಕೊಂಡು "ನಾನೇ" ಎಂದಳು. ಮುಖ್ಯಸ್ಥರಿಗೆ ಕನ್ನಡ ತಿಳಿಯದಿದ್ದರೂ ಆ ಪದ ತಿಳಿಯಿತು.

ಐದು ಚಿತ್ರಗಳನ್ನು ತಾನೇ ವಿವರಿಸುವುದೆಂದು ಅವಳು ಆರಿಸಿಕೊಂಡಳು. ಅಚಿಯೆಂಗ್ ವಾರಕ್ಕೆ ಮೂರು ಸಲ ಬಂದರು. ಅದರ ನಡುವೆ ನಿಮ್ಮ ಪತ್ರ ಬಂತು. ಅದನ್ನು ಓದಿ ಕೇಳಿದ ಮೇಲೆ ಅವಳು ಇನ್ನಷ್ಟು ಬಿರುಸಾದಳು. ಆದರೆ ಮೊನ್ನೆ ಗುರುವಾರ, ಮನೆಯಲ್ಲೇ ಅಭ್ಯಾಸ ಮಾಡುವಾಗ, ಎರಡನೆಯ ಚಿತ್ರದಲ್ಲೇ ಮಾತು ಕಟ್ಟಿತು. ಮತ್ತೆ ಮೊದಲಿನಿಂದ ಶುರುಮಾಡಿದಳು, ಮತ್ತೆ ಅಲ್ಲೇ ಸಿಕ್ಕಿಕೊಂಡಳು. ಕೊನೆಗೆ ಚಿತ್ರವನ್ನು ನೆಲಕ್ಕೆ ಹಾಕಿ ಮುಖ ಮುಚ್ಚಿಕೊಂಡು ಕೂತಳು. ವಿಭಾ ಅವಳ ಬೆನ್ನು ಸವರಿ "ಅಮ್ಮಾ, ಯು ಡೋಂಟ್ ಹ್ಯಾವ್ ಟು" ಎಂದಳು. ನಾನು ಹೊರಗೆ ಬಂದು ಅಚಿಯೆಂಗ್‌ಗೆ ಫೋನ್ ಮಾಡಿ, ಬೇಡ ಎಂದು ಶಾಲೆಗೆ ತಿಳಿಸಿಬಿಡಲೇ ಎಂದು ಕೇಳಿದೆ. ಅಷ್ಟು ಜನರ ಮುಂದೆ ಅವಳು ಹೀಗೆ ನಿಂತುಬಿಟ್ಟರೆ, ಅವರೆಲ್ಲ ಅಯ್ಯೋ ಪಾಪ ಎಂದು ನೋಡಿದರೆ, ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಆಕೆ "ನನ್ನನ್ನು ಯಾಕೆ ಕೇಳುತ್ತೀರಿ? ಮಾತಾಡುವವರನ್ನು ಕೇಳಿ" ಎಂದರು. ಒಳಗೆ ಬಂದು ಕೇಳುವ ಮೊದಲೇ ಗಿರಿಜಾ ನೆಲದ ಮೇಲಿನ ಚಿತ್ರವನ್ನು ತಾನೇ ಬಗ್ಗಿ ಎತ್ತಿಕೊಂಡು, ಸೆರಗಿನಿಂದ ಒರೆಸುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ.

ನಿನ್ನೆ ಬೆಳಗ್ಗೆ ಅವಳು ನೀವು ಕೊಟ್ಟ ಬಾಟಲಿ ಹಸಿರಿನ ಮೈಸೂರು ರೇಷ್ಮೆ ಉಟ್ಟಳು. ನೆರಿಗೆ ಹಿಡಿದವಳು ವಿಭಾ. ಶಾಲೆಯ ಸಭಾಂಗಣದ ಉದ್ದಕ್ಕೂ ನಲವತ್ತು ಮೀನುಗಳು ಎಡಕ್ಕೆ ಮುಖಮಾಡಿ ನಿಂತಿದ್ದವು. ಆ ಕಾಲದಲ್ಲಿ ಮೀನನ್ನು ಹಾಗೆಯೇ ಬರೆಯುತ್ತಿದ್ದರಂತೆ. ಜನ ಎಷ್ಟು ಬಂದಿದ್ದರೆಂದರೆ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಅವಳ ಹಳೆಯ ವಿದ್ಯಾರ್ಥಿಗಳು, ಈಗ ಡಾಕ್ಟರುಗಳು, ಪೈಲಟ್ಟುಗಳು, ಒಬ್ಬಳಂತೂ ಮೊಂಬಾಸಾದಿಂದ ರಾತ್ರಿ ರೈಲು ಹಿಡಿದು ಮಗುವಿನ ಜೊತೆ ಬಂದಿದ್ದಳು. ನಮ್ಮ ಕನ್ನಡದವರೂ ಇದ್ದರು, ಡಾಕ್ಟರ್ ಡೆಂಜಿಲ್ ಮತ್ತು ಅವರ ಹೆಂಡತಿ ಲವೀನಾ ಮುಂದಿನ ಸಾಲಿನಲ್ಲೇ ಕೂತಿದ್ದರು. ಮಂಗಳೂರಿನವರಾದ್ದರಿಂದ ಅವರಿಬ್ಬರೂ ಚಿತ್ರಗಳನ್ನು ನೋಡಿ, ಯಾವುದನ್ನು ಹುರಿಯಬೇಕು ಯಾವುದಕ್ಕೆ ಸಾರು ಎಂದು ತಮ್ಮಲ್ಲೇ ಚರ್ಚೆ ಮಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅಚಿಯೆಂಗ್ ಹಿಂದಿನ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ಮೊದಲನೆಯ ಚಿತ್ರ ಚೆನ್ನಾಗಿ ಹೋಯಿತು. ನಿಧಾನ, ಆದರೆ ಸ್ಪಷ್ಟ. ಇಂಗ್ಲಿಷಿನಲ್ಲೇ ಹೇಳುತ್ತಿದ್ದಳು, ಸಣ್ಣ ಸಣ್ಣ ವಾಕ್ಯ, ನಡುವೆ ಉಸಿರು. ಎರಡನೆಯದು ನನ್ನ "ಬೋಂಡಾ". ಅದನ್ನು ಬರೆದವನು ಹುಲ್ಲು ತುಂಬಿಸಿದ ಒಣ ಚರ್ಮವನ್ನು ನೋಡಿ ಬರೆದಿದ್ದಾನೆ ಎಂದು ಹೇಳಬೇಕಿತ್ತು. ಅದರ ಲ್ಯಾಟಿನ್ ಹೆಸರು ಹೇಳಿದಳು, ಒಂದು ಅಕ್ಷರವೂ ತೊದಲಲಿಲ್ಲ. "ಈ ಚಿತ್ರಕಾರ ಎಂದೂ ನೋಡಿರಲಿಲ್ಲ, ಬದುಕಿರುವ..." ಎಂದು ನಿಂತಳು. ಮುಂದೆ ಬರಬೇಕಾದದ್ದು "ಫಿಶ್". ಮೀನು! ಸುತ್ತ ನಲವತ್ತು ಮೀನುಗಳಿದ್ದವು, ಅವಳ ಜೀವನದ ಅತಿ ಸುಲಭದ ಪದ ಅದು. ಬಾಯಿ ತೆರೆದಳು, ತುಟಿ ಕೂಡಿಸಿದಳು, ಬರಲಿಲ್ಲ.  ಕುರ್ಚಿಗಳು ಅಲ್ಲಾಡುವ ಸದ್ದು, ಯಾರೋ ಕೆಮ್ಮಿದ್ದು. ಮುಂದಿನ ಸಾಲಿನಿಂದ ಪ್ರೀತಿಯಿಂದಲೇ ಒಬ್ಬರು ಮೆಲ್ಲಗೆ "ಫಿ..." ಎಂದು ಆರಂಭಿಸಿದರು. ನಾನೂ ಎದ್ದು ಹೋಗಲು ಕಾಲೂರಿದ್ದೆ.

ಗಿರಿಜಾ ಎಡಗೈಯನ್ನು ಮೇಲೆತ್ತಿದಳು, ಅಂಗೈ ನಮ್ಮ ಕಡೆಗೆ. ಅತ್ತೆ, ಅದು ಟೀಚರ್ ಕೈ. ಅಲ್ಲಿದ್ದ ಅವಳ ಹಳೆಯ ವಿದ್ಯಾರ್ಥಿಗಳೆಲ್ಲ, ನಲವತ್ತು ದಾಟಿದವರೂ, ಆ ಕೈ ಕಂಡದ್ದೇ ಬೆನ್ನು ನೆಟ್ಟಗೆ ಮಾಡಿ ಕೂತರು.  ಅವಳು ಅವಸರ ಮಾಡಲಿಲ್ಲ. ಚಿತ್ರದ ಕಡೆ ತಿರುಗಿ ಅದನ್ನೊಮ್ಮೆ ನೋಡಿದಳು, ಮತ್ತೆ ನಮ್ಮ ಕಡೆ ತಿರುಗಿ, ಗಟ್ಟಿಯಾಗಿ, "ಸಮಾಕಿ!" ಎಂದಳು.

ಸ್ವಾಹಿಲಿಯಲ್ಲಿ ಮೀನಿಗೆ ಹಾಗೆನ್ನುತ್ತಾರೆ. ಇಡೀ ಸಭೆ ಇದ್ದಕ್ಕಿದ್ದಂತೆ ನಕ್ಕು, ಚಪ್ಪಾಳೆ ತಟ್ಟಿ, "ಸಮಾಕಿ!" ಎಂದು ಅವಳಿಗೇ ಒಪ್ಪಿಸಿತು, ತರಗತಿಯಲ್ಲಿ ಮಕ್ಕಳು ಒಪ್ಪಿಸುವ ಹಾಗೆ. ಅಯ್ಯೋ ಪಾಪ ಎನ್ನುವ ಮುಖ ಒಂದಾದರೂ ಕಾಣುತ್ತದೆಯೇ ಎಂದು ನಾನು ಸುತ್ತ ನೋಡಿದೆ. ಇರಲಿಲ್ಲ. ಹಿಂದಿನ ಬಾಗಿಲಲ್ಲಿ ಅಚಿಯೆಂಗ್ ಮಾತ್ರ ಗೋಡೆ ಕಡೆ ತಿರುಗಿಕೊಂಡು ಕಣ್ಣೊರೆಸುತ್ತಿದ್ದರು. ಮೂರನೆಯ, ನಾಲ್ಕನೆಯ ಚಿತ್ರಗಳಲ್ಲೂ ಅವಳು ಅಲ್ಲಲ್ಲಿ ನಿಂತಳು. ನಿಂತಾಗ ನಾವೂ ನಿಂತೆವು. ಯಾರಿಗೂ ಅದು ತೊಡಕೆನಿಸಲಿಲ್ಲ.

ಐದನೆಯ ಚಿತ್ರದ ಕತೆ ನಿಮಗೆ ಸೇರಿದ್ದು. ಅದು ನಮ್ಮ ಕಡೆಯ ಹೊಳೆಯ ದೊಡ್ಡ ಮೀನು, ನೂರೈವತ್ತು ವರ್ಷದ ಹಿಂದಿನ ಚಿತ್ರ. ಅವಳು ಅದರ ಹೆಸರು ಹೇಳಿ, ದೊಡ್ಡ ದೊಡ್ಡ ಹುರುಪೆಗಳನ್ನು ತೋರಿಸಿ, ಆಮೇಲೆ ನಾವು ಅಭ್ಯಾಸವೇ ಮಾಡಿಸಿರದ ಮಾತು ಹೇಳಿದಳು. "ಶೃಂಗೇರಿ. ನದಿ. ನಾನು ಐದು ವರ್ಷ. ಅಮ್ಮ ಕೊಟ್ಟಳು... ಪುರಿ. ಎಸೆದೆ. ಮೀನು ಬಂತು. ತುಂಬ ಬಂತು. ನಾನು... ಮನೆಗೆ ಹೋಗಲ್ಲ ಅಂದೆ. ಅಮ್ಮ ಕೂತಳು. ಜೊತೆಗೆ." ಒಂದೊಂದು ಪದವೂ ಇಂಗ್ಲಿಷ್, ಪುರಿ ಮಾತ್ರ ಪುರಿಯೇ. ಮೆಟ್ಟಿಲ ಮೇಲೆ ಬಸ್ಸು ತಪ್ಪುವವರೆಗೂ ಮಗಳ ಜೊತೆ ಕೂತಿದ್ದಿರಂತೆ. ಮಾವನವರು ರೇಗಿದಾಗ "ನೋಡ್ಲಿ ಬಿಡಿ, ಬಸ್ಸು ನಾಳೇನೂ ಬರುತ್ತೆ" ಎಂದಿರಂತೆ. ನನಗೆ ಈ ಕತೆ ಗೊತ್ತೇ ಇರಲಿಲ್ಲ. ಉಳಿದದ್ದನ್ನು ಇವತ್ತು ಬೆಳಗ್ಗೆ ಕಾಫಿ ಕುಡಿಯುತ್ತ ಅವಳಿಂದಲೇ ಒಂದೊಂದು ಪದವಾಗಿ ಕೇಳಿ ತಿಳಿದೆ. ನಿಮ್ಮ ಹೆಸರಿಗೆ ನೈರೋಬಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಾರೆ ಎಂಬುದು ನಿಮಗೆ ತಿಳಿದಿರಲಿ. ಆ ಮೀನಿನ ಒಂದು ಪ್ರತಿಯನ್ನು ಭೂಪೇಂದ್ರಭಾಯಿ ನಿಮಗೆಂದೇ ದಪ್ಪ ಕಾಗದದ ಮೇಲೆ ಹಾಕಿಕೊಟ್ಟಿದ್ದಾರೆ. ಈ ಪತ್ರದ ಜೊತೆ ಉದ್ದನೆಯ ರಟ್ಟಿನ ಕೊಳವೆಯಲ್ಲಿದೆ. ನಮ್ಮ ಫ್ಯಾಕ್ಟರಿಯ ಇಂಜಿನಿಯರ್ ಸುನಿಲ್ ರಜೆಗೆ ಊರಿಗೆ ಹೊರಟಿದ್ದಾನೆ, ಅವನೇ ಮನೆಗೆ ತಲುಪಿಸುತ್ತಾನೆ. ದೇವರ ಮನೆಯಲ್ಲಿ ಬೇಡವೆನಿಸಿದರೆ ನಡುಮನೆಯಲ್ಲಿ ಹಾಕಿ, ಆದರೆ ಹಾಕಿ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಅಲ್ಲಿ ಅವಳು ಮಾತಾಡದಿದ್ದರೂ ನಡೆಯುತ್ತದೆ ಎಂದು ನೀವು ಬರೆದದ್ದು ತಾಯಿಯ ಕರುಳಿನಿಂದ. ಆದರೆ ಅತ್ತೆ, ಮಾತಾಡದಿದ್ದರೂ ನಡೆಯುವ ಜಾಗ ಅವಳಿಗೆ ಈಗ ಬೇಡ. ಮಾತಾಡಲೇಬೇಕಾದ ಜಾಗ ಬೇಕು. ಇಲ್ಲ ಎಂದು ನಾನು ನನ್ನ ಬಾಯಿಂದ ಹೇಳಬಾರದೆಂದು ಅವಳನ್ನೇ ಕೇಳಿದೆ: "ಅಮ್ಮನಿಗೆ ಏನಂತ ಬರೀಲಿ?" ಅವಳು ಲೋಟ ಕೆಳಗಿಟ್ಟು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಬರ್ತೀನಿ. ಅಮ್ಮನ್ನ... ನೋಡೋಕೆ. ಇರೋಕಲ್ಲ. ಸೋಮವಾರ... ಕ್ಲಾಸಿದೆ." ಶಾಲೆಯವರು ವಾರಕ್ಕೊಂದು ದಿನ ಮಕ್ಕಳಿಗೆ ಮೀನಿನ ಚಿತ್ರ ತೋರಿಸಲು ಅವಳನ್ನು ಕರೆದಿದ್ದಾರೆ. ಇದನ್ನು ಬರೆಯುವಾಗ ನನ್ನ ಎದೆ ಎಷ್ಟು ಉಬ್ಬಿದೆಯೆಂದರೆ, ನಾನೇ ಈಗ ಒಂದು ಬೋಂಡಾ.

ರಾಮಚಂದ್ರನಿಗೂ ಅವನ ಮನೆಯವರಿಗೂ ನಮ್ಮ ನೆನಪು ತಿಳಿಸಿ. ವಿಭಾ ಅಜ್ಜಿಗೆ ಮುತ್ತು ಕಳಿಸಿದ್ದಾಳೆ. ನಿಮ್ಮ ಎರಡೂ ಕೈ ನಮ್ಮ ತಲೆಯ ಮೇಲಿರಲಿ, ಗಿರಿಜಾಳ ತಲೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು.

ಇಂತು ನಿಮ್ಮ ಅಳಿಯ,
ವಿಶ್ವನಾಥ

ತಾ.ಕ.: ಸುನಿಲ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯ ವಿಷಯವನ್ನೇ ಬಿಟ್ಟಿದ್ದೇನೆ. ಬರುವ ಭಾನುವಾರ ನಿಮ್ಮ ಬೆಳಗಿನ ತಿಂಡಿ ಆದ ಮೇಲೆ ಫೋನ್ ಬರುತ್ತದೆ. ಮಾಡುವವನು ನಾನಲ್ಲ, ಗಿರಿಜಾ. ಅವಳೇ ಹೇಳಿದ್ದಾಳೆ. ರಾಮಚಂದ್ರನ ಕೈಗೆ ಕೊಡಬೇಡಿ, ನೀವೇ ಕಿವಿಗೆ ಹಿಡಿದುಕೊಳ್ಳಿ. "ಅಮ್ಮ" ಎನ್ನುವುದು ಬೇಗ ಬರುತ್ತದೆ, ಮುಂದಿನದಕ್ಕೆ ಹೊತ್ತು ಹಿಡಿಯಬಹುದು. ಏನೂ ಕೇಳಿಸದಿದ್ದರೆ ಲೈನು ಕಟ್ಟಾಯಿತೆಂದು ಇಟ್ಟುಬಿಡಬೇಡಿ ಅತ್ತೆ. ಅವಳು ಆ ಕಡೆಯಲ್ಲೇ ಇರುತ್ತಾಳೆ.